ಚೌಕಾಬಾರಕ್ಕೆ ಆಡುವವರೇ ಬಂಡವಾಳ: ನನ್ನ ಮೊದಲ ಮೊಬೈಲ್ ಗೇಮ್

ಮೊಬೈಲ್ ಗೇಮ್ ಮಾಡೋಕೆ ಜನರ ಹತ್ತಿರ ದುಡ್ಡು ಕೇಳ್ತೀನಿ ಅಂದಾಗ ಎಲ್ಲರೂ ಹೇಳಿದ್ದು ಒಂದೇ ಮಾತು: "ಗೇಮ್‌ಗೆ ಯಾರಪ್ಪಾ ದುಡ್ಡು ಕೊಡ್ತಾರೆ? ಎಲ್ಲಾ ಬಿಟ್ಟಿ ಸಿಗುತ್ತಲ್ಲ." ಆ ಮಾತು ಸುಳ್ಳಲ್ಲ. ಆದರೂ ನಾನು ಒಬ್ಬನೇ ಕೂತು ಮಾಡಿದ ಚೌಕಾಬಾರ ಅನ್ನುವ ಕವಡೆ ಆಟದ ಗೇಮ್‌ಗೆ ಜನ ಮುಂಚೆಯೇ ದುಡ್ಡು ಕೊಟ್ಟರು. ಅದು ಹೇಗಾಯ್ತು ಅಂತ ಬರೆಯುತ್ತಿದ್ದೇನೆ. ಇದೇ ದಾರಿಯಲ್ಲಿರುವ ಇನ್ನೊಬ್ಬರಿಗೆ ಉಪಯೋಗವಾದರೆ ಸಂತೋಷ.

ಮೊದಲು ದುಡ್ಡು ಎಲ್ಲಿ ಕೇಳುವುದು ಅನ್ನುವ ಪ್ರಶ್ನೆ. ಜನರಿಂದ ದುಡ್ಡು ಎತ್ತುವ ಜಾಲತಾಣ ಅಂದರೆ ಕಿಕ್‌ಸ್ಟಾರ್ಟರ್ ಎಲ್ಲರಿಗೂ ಗೊತ್ತು. ಆದರೆ ಭಾರತದಲ್ಲಿ ಇದ್ದುಕೊಂಡು ಅಲ್ಲಿ ಪ್ರಾಜೆಕ್ಟ್ ಶುರು ಮಾಡಲು ಆಗುವುದಿಲ್ಲ. ಅದಕ್ಕೆ ನಾನೇ ಒಂದು ಪುಟ ಮಾಡಿಕೊಂಡೆ. ಕಿಕ್‌ಸ್ಟಾರ್ಟರ್‌ನ ಒಂದು ಒಳ್ಳೆಯ ನಿಯಮವನ್ನು ಮಾತ್ರ ತಗೊಂಡೆ: ಗುರಿ ಮುಟ್ಟದಿದ್ದರೆ ಯಾರ ದುಡ್ಡೂ ಮುಟ್ಟುವ ಹಾಗಿಲ್ಲ. ದುಡ್ಡು ತಗೊಂಡು ಆಮೇಲೆ ವಾಪಸ್ ಕೊಡುವುದು ಕಷ್ಟದ ಕೆಲಸ. ಆನ್‌ಲೈನ್‌ನಲ್ಲಿ ದುಡ್ಡು ದಾಟಿಸುವ ಪೇಮೆಂಟ್ ಗೇಟ್‌ವೇ ಹಿಡಿದುಕೊಂಡ ಕಮಿಷನ್ ಸಾಮಾನ್ಯವಾಗಿ ತಿರುಗಿ ಬರುವುದಿಲ್ಲ. ಹಾಗಾಗಿ ಮೊದಲು ಒಂದು ಫಾರ್ಮ್‌ನಲ್ಲಿ ಹೆಸರು, ಮೊತ್ತ ಮಾತ್ರ ಬರೆಸಿಕೊಂಡೆ. ಗುರಿ ಮುಟ್ಟಿದ ಮೇಲೆ ಎಲ್ಲರಿಗೂ ಯುಪಿಐ ಲಿಂಕ್ ಕಳಿಸಿದೆ. ಬರೆಸಿದವರೆಲ್ಲ ಕಟ್ಟುವುದಿಲ್ಲ. ಅದಕ್ಕೆ ಸ್ವಲ್ಪ ಜಾಸ್ತಿ ಬರೆಸಿಕೊಂಡೇ ಮುಂದೆ ಹೋಗಬೇಕು.

ಗುರಿ ಇಟ್ಟಿದ್ದು ಎರಡೂವರೆ ಲಕ್ಷ. ಚಿತ್ರ ಬರೆಯುವವರಿಗೆ ಇಷ್ಟು, ಸದ್ದು ಮಾಡುವವರಿಗೆ ಇಷ್ಟು, ಪರೀಕ್ಷೆಗೆ ಎರಡು ಹಳೆಯ ಆಂಡ್ರಾಯ್ಡ್ ಫೋನ್, ನನ್ನ ಮನೆ ಬಾಡಿಗೆ, ಎಲ್ಲ ಬಿಡಿಬಿಡಿಯಾಗಿ ಬರೆದೆ. ಬಾಡಿಗೆ ಬರೆಯಬೇಡ ಅಂದವರಿದ್ದರು. ನಾನು ಒಪ್ಪಲಿಲ್ಲ. ಗೇಮ್ ಮಾಡುವವನೂ ಊಟ ಮಾಡಬೇಕು. ಅದನ್ನು ಮುಚ್ಚಿಡುವುದು ದುಡ್ಡು ಕೊಡುವವರಿಗೆ ಮಾಡುವ ಅನ್ಯಾಯ.

ಪವನ್ ಕುಮಾರ್ ಅವರ 'ಲೂಸಿಯಾ' ಸಿನಿಮಾ 2013ರಲ್ಲಿ ಜನರ ದುಡ್ಡಿನಿಂದ ಬಂದಿದ್ದು ನಮ್ಮಲ್ಲಿ ಎಲ್ಲರಿಗೂ ನೆನಪಿದೆ. ಹಾಗಾಗಿ "ಲಾಭದಲ್ಲಿ ಪಾಲು ಎಷ್ಟು?" ಅಂತ ಕೇಳುವವರು ಇದ್ದೇ ಇರುತ್ತಾರೆ. ನಾನು ಪಾಲಿನ ಮಾತೇ ಆಡಲಿಲ್ಲ. ಪಾಲು ಕೊಡ್ತೀನಿ ಅಂತ ಸಾರ್ವಜನಿಕರಿಂದ ದುಡ್ಡು ಎತ್ತಿದರೆ ಅದು ಹೂಡಿಕೆ ಆಗುತ್ತದೆ, ಷೇರು ಮಾರುಕಟ್ಟೆ ನೋಡಿಕೊಳ್ಳುವ ಸೆಬಿಯ ನಿಯಮ ಬರುತ್ತದೆ. ಒಬ್ಬನೇ ಕೆಲಸ ಮಾಡುವವನು ಆ ಕಡೆ ಹೋಗಲೇಬಾರದು. ಕೊಟ್ಟವರಿಗೆ ಸಿಗುವುದು ಗೇಮ್, ಮತ್ತೆ ಅದಕ್ಕೆ ಸೇರಿದ ಉಡುಗೊರೆ, ಅಷ್ಟೇ. ಬಂದ ದುಡ್ಡು ಕಾಣಿಕೆಯೂ ಅಲ್ಲ, ಆದಾಯ. ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ತೋರಿಸಬೇಕು.

ಇನ್ನು ಉಡುಗೊರೆ. ನನ್ನ ಇಡೀ ಅನುಭವದ ತಿರುಳು ಇಲ್ಲೇ ಇದೆ. ದೊಡ್ಡ ಮೊತ್ತ ಕೊಟ್ಟವರಿಗೆ ಚನ್ನಪಟ್ಟಣದ ಕಾಯಿಗಳ ಸೆಟ್ ಇಟ್ಟಿದ್ದೆ: ಹಾಲೆ ಮರದಲ್ಲಿ ಕಡೆದು ಅರಗಿನ ಬಣ್ಣ ಕೊಟ್ಟ ಹದಿನಾರು ಕಾಯಿ, ನಾಲ್ಕು ಬಣ್ಣ. ಕೈಯಲ್ಲಿ ಹಿಡಿದರೆ ಬಿಡೋಕೆ ಮನಸ್ಸಾಗುವುದಿಲ್ಲ. ಆದರೆ ಡಬ್ಬಿ, ಸ್ಪೀಡ್ ಪೋಸ್ಟ್ ಎಲ್ಲ ಸೇರಿದರೆ ಉಳಿಯುವುದು ತುಂಬಾ ಕಮ್ಮಿ. ಕುಶಲಕರ್ಮಿಯ ಹತ್ತಿರ ಬೆಲೆ ಗಟ್ಟಿ ಮಾಡಿಕೊಂಡ ಮೇಲೇ ಪುಟಕ್ಕೆ ಹಾಕಿದೆ, ಅದೂ ಕೆಲವೇ ಸೆಟ್.

ಕೈ ಹಿಡಿದಿದ್ದು ಖರ್ಚೇ ಇಲ್ಲದ ಇನ್ನೊಂದು ಉಡುಗೊರೆ. ಅದಕ್ಕೆ 'ನಮ್ಮ ಮನೆ ಆಟ' ಅಂತ ಹೆಸರಿಟ್ಟೆ. ಚೌಕಾಬಾರದ ಹಾಸು ಸಾಮಾನ್ಯವಾಗಿ ಐದಕ್ಕೆ ಐದು ಮನೆಯದು, ನಿಯಮ ಮಾತ್ರ ಆಡುವವರ ಮನೆಗೊಂದು ಥರ. ಕೆಲವರಲ್ಲಿ ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವ ಹಾಗಿಲ್ಲ. ಕೆಲವರಲ್ಲಿ ಚೌಕವೋ (ನಾಲ್ಕು) ಬಾರವೋ (ಎಂಟು) ಬೀಳದೆ ಕಾಯಿ ಮನೆಯಿಂದ ಹೊರಡುವುದೇ ಇಲ್ಲ. ಎರಡು ಕಾಯಿ ಸೇರಿ ಗಟ್ಟಿಯಾದರೆ ಏನಾಗುತ್ತದೆ ಅನ್ನುವುದಕ್ಕಂತೂ ಜಗಳವೇ ಆಗುತ್ತದೆ. ನಿಮ್ಮ ಮನೆಯ ನಿಯಮ ಹೇಳಿ, ನಿಮ್ಮ ಊರಿನ ಹೆಸರಲ್ಲೇ ಗೇಮ್‌ಗೆ ಸೇರಿಸುತ್ತೇನೆ ಅಂದೆ. ವಾಟ್ಸಾಪ್‌ನಲ್ಲಿ ಧ್ವನಿ ಸಂದೇಶಗಳು ಬರತೊಡಗಿದವು. ಒಬ್ಬರ ಅಜ್ಜಿ, "ಕಟ್ಟೆ ಮೇಲೆ ಕೂತಿರೋ ಕಾಯಿನ ಮುಟ್ಟಂಗಿಲ್ಲ ಮಗಾ, ಅದನ್ನ ಮೊದ್ಲು ಬರ್ಕೋ," ಅಂದಿದ್ದರು (ಕಟ್ಟೆ ಅಂದರೆ ಕಾಯಿ ಕಡಿಯಲು ಬಾರದ ಮನೆ). ಹಿಂದೆ ಯಾರೋ ಕವಡೆ ಎಸೆದ ಸದ್ದು ಕೇಳುತ್ತಿತ್ತು. ಅವರ ಮನೆಯಲ್ಲಿ ಆರು ಜನ ದುಡ್ಡು ಕೊಟ್ಟರು. ಗೇಮ್ ಅಂದರೆ ಬಿಟ್ಟಿ ಅನ್ನುವ ಜನ ತಮ್ಮ ಮನೆಯ ಆಟ ಉಳಿಯುತ್ತದೆ ಅಂದರೆ ಕೈ ಬಿಚ್ಚುತ್ತಾರೆ. ಇದನ್ನು ನಾನು ಕಣ್ಣಾರೆ ಕಂಡೆ.

ಇದೆಲ್ಲ ನಡೆಯಬೇಕಾದರೆ ಮೊದಲ ದಿನವೇ ಕೈಗೆ ಕೊಡಲು ಆಟ ಇರಬೇಕು. ಸುಮ್ನೆ ಚಿತ್ರ ತೋರಿಸಿ ದುಡ್ಡು ಕೇಳುವುದು ನನಗೆ ಸರಿ ಕಾಣಲಿಲ್ಲ. ಗೇಮ್ ಕಟ್ಟುವ ತಂತ್ರಾಂಶವಾದ ಗೋಡೋ ಎಂಜಿನ್‌ನಲ್ಲಿ ಮಾಡಿದೆ. ಅದು ಉಚಿತ, ಮತ್ತೆ 2023ರಲ್ಲಿ ಬಂದ 4ನೇ ಆವೃತ್ತಿಯಿಂದ ಕನ್ನಡದ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಹಳೆಯ ಆವೃತ್ತಿಯಲ್ಲಿ 'ಕಟ್ಟೆ' ಅಂತ ಬರೆದರೆ ಒತ್ತು ಕೆಳಗೆ ಹೋಗದೆ ಅಕ್ಷರಗಳು ಪಕ್ಕಪಕ್ಕದಲ್ಲಿ ಬಿಡಿಯಾಗಿ ನಿಲ್ಲುತ್ತಿದ್ದವು. ಕನ್ನಡದ ಗೇಮ್ ಮಾಡುವವರು ಎಂಜಿನ್ ಆರಿಸುವಾಗ ಮೊದಲು ನೋಡಬೇಕಾದ್ದು ಇದನ್ನೇ.

ಕವಡೆಯ ವಿಷಯ ಹೇಳದೆ ಬಿಡಲಾರೆ. ಒಂದು, ಎರಡು, ಮೂರು, ನಾಲ್ಕು, ಎಂಟು, ಇವುಗಳಲ್ಲಿ ಒಂದನ್ನು ಆರಿಸು ಅಂತ ಕೋಡ್ ಬರೆದರೆ ಐದು ಸಲಕ್ಕೆ ಒಂದು ಬಾರ ಬೀಳುತ್ತದೆ. ಕವಡೆ ಆಡಿದವರಿಗೆ ಅದು ಮೋಸ ಅಂತ ಕೂಡಲೇ ಗೊತ್ತಾಗುತ್ತದೆ. ನಾಲ್ಕು ಕವಡೆಯನ್ನೂ ಬೇರೆಬೇರೆಯಾಗಿ ಎಸೆದು ಲೆಕ್ಕ ಹಾಕಬೇಕು. ಎರಡೂ ಮಗ್ಗುಲು ಸಮ ಅಂತ ಇಟ್ಟುಕೊಂಡರೂ ನಾಲ್ಕೂ ಬೋರಲು ಬಿದ್ದು ಬಾರ ಆಗುವುದು ಹದಿನಾರಕ್ಕೆ ಒಂದು ಸಲ. ಆಗಲೇ ಬಾರಕ್ಕೆ ಬೆಲೆ, ಅಲ್ವಾ?

ದುಡ್ಡು ಕೊಟ್ಟವರು ಇನ್ನೊಂದು ದೊಡ್ಡ ಉಪಕಾರ ಮಾಡಿದರು. ಪ್ಲೇ ಸ್ಟೋರ್‌ನಲ್ಲಿ ಹೊಸದಾಗಿ ವೈಯಕ್ತಿಕ ಖಾತೆ ತೆರೆದವರು ಗೇಮ್ ಬಿಡುಗಡೆಗೆ ಮುಂಚೆ ಕನಿಷ್ಠ 12 ಜನರಿಂದ 14 ದಿನ ಬಿಡದೆ ಪರೀಕ್ಷೆ ಮಾಡಿಸಬೇಕು. ಒಬ್ಬನೇ ಇರುವವನಿಗೆ 25 ಡಾಲರ್ ಶುಲ್ಕಕ್ಕಿಂತ ಇದೇ ಕಷ್ಟ. ನಮ್ಮವರು ಜಿಮೇಲ್ ವಿಳಾಸ ಕೊಟ್ಟು ತಾವಾಗಿಯೇ ಸೇರಿಕೊಂಡರು. ಹಳೆಯ ಫೋನ್‌ನಲ್ಲಿ ಕಾಯಿ ನಡುಮನೆ ಸೇರಿ ಹಣ್ಣಾಗುವಾಗ ಆಟ ನಿಂತು ಹೋಗುತ್ತಿದ್ದುದನ್ನು ಹಿಡಿದಿದ್ದೂ ಅವರೇ.

ಐಫೋನ್ ಆವೃತ್ತಿ ಇನ್ನೂ ಬಂದಿಲ್ಲ. ಆಪಲ್‌ಗೆ ವರ್ಷವರ್ಷವೂ 99 ಡಾಲರ್ ಕಟ್ಟಬೇಕು. ಆ ಖರ್ಚು ಈ ಗುರಿಯಲ್ಲಿ ಇಲ್ಲ ಅಂತ ಪುಟದಲ್ಲಿ ಮೊದಲೇ ಬರೆದಿದ್ದೆ. ಆಂಡ್ರಾಯ್ಡ್ ಮಾರಾಟದಿಂದ ಅಷ್ಟು ಹುಟ್ಟಿದ ಕೂಡಲೇ ಆ ಕೆಲಸ ಶುರು ಮಾಡುತ್ತೇನೆ. ಸದ್ಯಕ್ಕೆ ಧಾರವಾಡ ಕಡೆಯಿಂದ ಬಂದ ಮೂರು ಮನೆಗಳ ನಿಯಮ ಸೇರಿಸುತ್ತಿದ್ದೇನೆ.