ಕಾಕಂಬಿಯಲ್ಲಿ ನೆನೆದ ಸೋಪಿನ ಬೋರ್ಡು

ಮಂಡ್ಯದ ಗುಜರಿಯಲ್ಲಿ ಸಿಕ್ಕಿದ ಮೈಸೂರು ಸ್ಯಾಂಡಲ್ ಸೋಪಿನ ಎನಾಮಲ್ ಬೋರ್ಡು (ಕಬ್ಬಿಣದ ತಗಡಿನ ಮೇಲೆ ಗಾಜಿನಂಥ ಬಣ್ಣ ಸುಟ್ಟು ಕೂರಿಸಿದ್ದು) ಈಗ ಮೈಸೂರಿನ ನಮ್ಮ ಮನೆಯ ಹಜಾರದಲ್ಲಿದೆ. ಎರಡಡಿಗೆ ಮೂರಡಿ, ಕೊಟ್ಟದ್ದು ಒಂಬೈನೂರು. ಯಾರೋ ನೀರಿನ ತೊಟ್ಟಿಗೆ ಮುಚ್ಚಳ ಮಾಡಿಕೊಂಡಿದ್ದರಂತೆ, ಅರ್ಧಕ್ಕರ್ಧ ತುಕ್ಕು. ಬಣ್ಣ ಬಣ್ಣ ಕೂಡುವಲ್ಲಿ ಬೆರಳಾಡಿಸಿದೆ, ಏಣು ತಗುಲಿತು. ಮೊಳೆಯ ತೂತಿನ ಸುತ್ತ ಗಾಜಿನಂಥ ಕಪ್ಪು ಪದರವೂ ಕಂಡಿತು. ನಕಲಿಯಲ್ಲ ಎಂದು ಖಾತ್ರಿಯಾದ ಮೇಲೆ ಚೌಕಾಸಿ ಮಾಡಲಿಲ್ಲ.

ತುಕ್ಕು ಬಿಡಿಸಲು ಅದನ್ನು ಕಾಕಂಬಿಯಲ್ಲಿ, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕದಲ್ಲಿ, ನೆನೆಸುತ್ತೇನೆ ಎಂದಾಗ ಗೆಳೆಯರಲ್ಲಿ ಒಬ್ಬರೂ ಒಪ್ಪಲಿಲ್ಲ. "ಹಾಗಾದರೆ ಆಲೆಮನೆಯ ಕೊಪ್ಪರಿಗೆಗಳೆಲ್ಲ ಬೆಳ್ಳಿಯಂತೆ ಹೊಳೆಯಬೇಕಿತ್ತಲ್ಲ ಸ್ವಾಮಿ" ಎಂದರು ನಮ್ಮಲ್ಲಿ ಹಿರಿಯರೊಬ್ಬರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಕಳೆದುಕೊಂಡ ದುಡ್ಡಿನ ಲೆಕ್ಕ ಮಾತ್ರ ಇತ್ತು.

2,200 ಕೊಟ್ಟು ತಂದ ಚಹಾದ ಬೋರ್ಡಿಗೆ ಬಚ್ಚಲು ತೊಳೆಯುವ ಆಸಿಡ್ ಸುರಿದಿದ್ದೆ. ಹತ್ತೇ ನಿಮಿಷದಲ್ಲಿ ತುಕ್ಕು ಹೋಯಿತು, ಜೊತೆಗೆ ಹೊಳಪೂ ಹೋಯಿತು. ನೀಲಿ ಬಣ್ಣ ಸುಣ್ಣ ಬಳಿದ ಗೋಡೆಯಂತಾಯಿತು. ಆಕ್ಸಾಲಿಕ್ ಆಸಿಡ್ ಎನಾಮಲ್‌ನ ಬಿರುಕುಗಳಲ್ಲಿ ಹಳದಿ ಕಲೆ ಉಳಿಸಿತು. ಡ್ರಿಲ್ಲಿಗೆ ತಂತಿ ಬ್ರಷ್ ಸಿಕ್ಕಿಸಿದಾಗಲಂತೂ ಅಂಚೆಲ್ಲ ಚಕ್ಕೆ ಎದ್ದಿತು. ಎರಡು ವರ್ಷದಲ್ಲಿ ಐದಾರು ಸಾವಿರ ಹೋಗಿರಬೇಕು.

1933ರಿಂದ ಸಕ್ಕರೆ ಕಾರ್ಖಾನೆ ಇರುವ ಮಂಡ್ಯದಲ್ಲಿ ಕಾಕಂಬಿಗೇನು ಬರ ಎಂದುಕೊಂಡಿದ್ದೆ. ಆದರೆ ಅದು ಅಬಕಾರಿ ಲೆಕ್ಕದ ಸರಕು, ಕ್ಯಾನು ಹಿಡಿದು ಹೋದವರಿಗೆಲ್ಲ ಸಿಗುವುದಿಲ್ಲ. ಕೊನೆಗೆ ದನದ ಮೇವಿಗೆ ಬೆರೆಸುವವರೊಬ್ಬರಿಂದ ನಾಲ್ಕು ಲೀಟರ್ ದೊರೆಯಿತು, ಲೀಟರಿಗೆ ನಲವತ್ತರ ಆಸುಪಾಸು. ತಾರಸಿಯಲ್ಲಿ ಇಟ್ಟಿಗೆ ಜೋಡಿಸಿ, ಟಾರ್ಪಾಲಿನ್ ಹಾಸಿ, ಒಂದಕ್ಕೆ ಹತ್ತರಂತೆ ನೀರು ಬೆರೆಸಿ ಬೋರ್ಡನ್ನು ಮುಳುಗಿಸಿದೆ.

ನಾಲ್ಕನೆಯ ದಿನ ನೊರೆ, ಇರುವೆ, ಹುಳಿ ವಾಸನೆ. ಅಷ್ಟೇ. ಏಳನೆಯ ದಿನ ತೆಂಗಿನ ನಾರಿನಿಂದ ಉಜ್ಜಿದರೆ ತುಕ್ಕು ಕಪ್ಪು ಕೆಸರಾಗಿ ಬಂತು. ಸೋಪಿನ ಲಾಂಛನ ಆನೆಮೊಗದ ಶರಭ, ಅದರ ಸಿಂಹದ ಮೈ ಮೊದಲೇ ಕಾಣುತ್ತಿತ್ತು. ತಲೆ ಇರಬೇಕಾದಲ್ಲಿ ಅಂಗೈಯಗಲದ ಕಂದು ಕಲೆ. ಹನ್ನೆರಡನೆಯ ದಿನ ಬೆಳಿಗ್ಗೆ ಆ ಕಲೆಯ ಕೆಳಗಿನಿಂದ ಆನೆಯ ಸೊಂಡಿಲು ಎದ್ದು ಬಂತು, ಸುಕ್ಕಿನ ಗೆರೆಗಳ ಸಮೇತ! ಮನೆಯವರನ್ನೆಲ್ಲ ಕೂಗಿ ತಾರಸಿಗೆ ಕರೆದೆ. ಸೊಂಡಿಲ ತುದಿಯಲ್ಲಿ ಮಾತ್ರ ಎನಾಮಲ್ ಹಾರಿಹೋಗಿ ಬೂದು ಕಬ್ಬಿಣ ಕಾಣುತ್ತದೆ. ಅದಕ್ಕೆ ಬಣ್ಣ ಹಚ್ಚಲಿಲ್ಲ, ಹಚ್ಚುವುದೂ ಇಲ್ಲ.

ತೆಗೆದ ಕೂಡಲೇ ಬಿಸಿನೀರು ಸುರಿದು, ಒರೆಸಿ, ಬಿಸಿಲಿಗಿಟ್ಟು, ಇನ್ನೂ ಬೆಚ್ಚಗಿರುವಾಗಲೇ ಜೇನುಮೇಣ ತಿಕ್ಕಬೇಕು. ಅರ್ಧ ಗಂಟೆ ತಡವಾದರೂ ಬರಿಯ ಕಬ್ಬಿಣ ಮತ್ತೆ ಕೆಂಪಾಗುತ್ತದೆ. ಮೇಣಕ್ಕೆ ನಾನು ಬೆರೆಸುವ ಇನ್ನೊಂದು ವಸ್ತುವನ್ನೂ ಹುಳಿ ವಾಸನೆ ತಗ್ಗಿಸುವ ಉಪಾಯವನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಕಾಕಂಬಿಯ ಬದಲು, ಮಳೆಗಾಲದಲ್ಲಿ ನೀರೊಡೆದ ಬೆಲ್ಲ ಕರಗಿಸಿಯೂ ನೋಡಿದೆ. ಹದಿನೈದು ದಿನವಾದರೂ ಅರ್ಧ ತುಕ್ಕು ಹಾಗೇ ಇತ್ತು. ಚಿತ್ರ ಅಚ್ಚಾದ ಬಿಸ್ಕತ್ತು ಡಬ್ಬಗಳನ್ನು ಮಾತ್ರ ಕಾಕಂಬಿಯಲ್ಲಿ ಮುಳುಗಿಸಬೇಡಿ. ತುಕ್ಕಿನ ಜೊತೆ ಬಣ್ಣವೂ ಸಿಪ್ಪೆಯಂತೆ ಏಳುತ್ತದೆ. ನನ್ನ ಒಂದು ಒಳ್ಳೆಯ ಡಬ್ಬ ಹಾಗೆಯೇ ಹೋಯಿತು.

ಸೋಪಿನ ಬೋರ್ಡಿಗೆ ಒಬ್ಬರು ಹದಿನೈದು ಸಾವಿರ ಕೊಡುತ್ತೇನೆ ಎಂದರು. ನಾನು ಮಾರಲಿಲ್ಲ. ಕೊಪ್ಪರಿಗೆಯ ಮಾತಾಡಿದ್ದ ಹಿರಿಯರು ಕಳೆದ ಭಾನುವಾರ ತಮ್ಮ ಬೀಡಿ ಬೋರ್ಡೊಂದನ್ನು ಗೋಣಿಚೀಲದಲ್ಲಿ ಸುತ್ತಿ ತಂದು ಕೊಟ್ಟು ಹೋಗಿದ್ದಾರೆ. ಅದು ತಾರಸಿಯಲ್ಲಿ ನೆನೆಯುತ್ತಿದೆ, ಇವತ್ತಿಗೆ ಐದನೆಯ ದಿನ.