ಹನ್ನೊಂದು ಸೊನ್ನೆ ಬರೆದು ಹಳೆ ಆಟಗಾರರನ್ನು ಹುಡುಕಿದ್ದು

ನನ್ನ ಹತ್ತಿರ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ಅದರ ತುಂಬ ಸೊನ್ನೆಗಳು. ಒಂದೊಂದು ಪುಟಕ್ಕೆ ಹನ್ನೊಂದು. ಕೆಳಗೆ ಗೋಲ್‌ಕೀಪರ್‌ಗೆ ಒಂದು, ಅದರ ಮೇಲೆ ಡಿಫೆಂಡರ್‌ಗಳಿಗೆ ನಾಲ್ಕು, ನಡುವೆ ಮಿಡ್‌ಫೀಲ್ಡರ್‌ಗಳು, ತುದಿಯಲ್ಲಿ ಫಾರ್ವರ್ಡ್‌ಗಳು. ಬೆಂಗಳೂರು ಎಫ್‌ಸಿ ಫುಟ್‌ಬಾಲ್ ಕ್ಲಬ್‌ಗೆ ಆಡಿ ಹೋದವರನ್ನು, ಈಗ ಯಾರೂ ಅಷ್ಟಾಗಿ ನೆನೆಯದವರನ್ನು, ನಾನು ಮತ್ತು ಇಬ್ಬರು ಗೆಳೆಯರು ಈ ಸೊನ್ನೆಗಳಲ್ಲಿ ಹುಡುಕುತ್ತೇವೆ.

ಶುರುವಾಗಿದ್ದು ಒಂದು ಮಗುವಿನ ಪ್ರಶ್ನೆಯಿಂದ. ಕಂಠೀರವ ಸ್ಟೇಡಿಯಂನಲ್ಲಿ ಮ್ಯಾಚ್ ಮುಗಿಸಿ ಜನರ ನಡುವೆ ನಿಧಾನವಾಗಿ ಹೊರಗೆ ಬರುತ್ತಿದ್ದೆವು. ಹಿಂದೆ ಒಬ್ಬ ಹುಡುಗ ಅಪ್ಪನ ಕೈ ಹಿಡಿದು ಕೇಳಿದ: "ಅಪ್ಪಾ, ನಮ್ ಕ್ಲಬ್‌ಗೆ ಫಸ್ಟ್ ಗೋಲ್ ಹೊಡ್ದಿದ್ದು ಚೆಟ್ರಿನೇ ಅಲ್ವಾ?" ಅಪ್ಪ ಹೌದು ಅಂದರು. ನಾನೂ ಒಳಗೊಳಗೇ ಹೌದು ಅಂದುಕೊಂಡೆ. ಹತ್ತು ಹೆಜ್ಜೆ ನಡೆದ ಮೇಲೆ ಎದೆ ಧಸಕ್ಕೆಂದಿತು. ಆ ದಿನ ನಾನು ಅಲ್ಲೇ ಇದ್ದೆನಲ್ಲ! 2013ರ ಸೆಪ್ಟೆಂಬರ್ 22, ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ. ದೇಶದ ಆಗಿನ ದೊಡ್ಡ ಲೀಗ್ ಆದ ಐ-ಲೀಗ್‌ನಲ್ಲಿ ಕ್ಲಬ್‌ನ ಮೊದಲ ಪಂದ್ಯ, ಎದುರಿಗೆ ಕೋಲ್ಕತ್ತಾದ ಮೋಹನ್ ಬಗಾನ್. ಗೋಲು ಹೊಡೆದದ್ದು ಆಸ್ಟ್ರೇಲಿಯಾದ ಶಾನ್ ರೂನಿ. ಆಮೇಲೆ ಬಗಾನ್ ಸಮ ಮಾಡಿಕೊಂಡು ಪಂದ್ಯ 1-1 ಆಯಿತು. ಆ ಗೋಲಿಗೆ ಸಿಮೆಂಟು ಕಟ್ಟೆ ಮೇಲೆ ನಿಂತು ಗಂಟಲು ಹರಿಯುವ ಹಾಗೆ ಕೂಗಿದವನು ನಾನು. ರೂನಿಯನ್ನು ನಾನೇ ಮರೆತಿದ್ದೆ. ತಿರುಗಿ ನೋಡಿದೆ. ಆ ಅಪ್ಪ ಮಗ ಎಲ್ಲೋ ಜನರಲ್ಲಿ ಕಳೆದುಹೋಗಿದ್ದರು.

ಮೊದಮೊದಲು ನಾನು ಕೇಳುತ್ತಿದ್ದ ರೀತಿಯೇ ಸರಿಯಿರಲಿಲ್ಲ. "ಹಳೆ ಆಟಗಾರರಲ್ಲಿ ಯಾರು ಚೆನ್ನಾಗಿದ್ರು?" ಅಂತ ಕೇಳಿದರೆ ಎಲ್ಲರ ಬಾಯಲ್ಲೂ ಅದೇ ನಾಲ್ಕು ಹೆಸರು. ಚೆಟ್ರಿ, ಜಾನ್ ಜಾನ್ಸನ್, ಯೂಜಿನ್ಸನ್ ಲಿಂಗ್ಡೊ, ಉದಾಂತ. ಅವರನ್ನು ಯಾರೂ ಮರೆತಿಲ್ಲ. ಒಂದು ಭಾನುವಾರ ಶಾಂತಿನಗರದ ದರ್ಶಿನಿಯಲ್ಲಿ ಕಾಫಿ ಕುಡಿಯುತ್ತಾ, ಬಿಲ್ಲಿನ ಹಿಂದೆ ಸುಮ್ನೆ ಹನ್ನೊಂದು ಸೊನ್ನೆ ಬರೆದೆ. "ಮೊದಲ ಸೀಸನ್. ಲೆಫ್ಟ್ ಬ್ಯಾಕ್ ಯಾರು?" ಅಂದೆ. ಇಬ್ಬರೂ ಸುಮ್ಮನಾದರು. ಕಾಫಿ ಆರಿತು. ಒಬ್ಬ ಮೇಜು ತಟ್ಟಿ "ಕೀಗನ್! ಕೀಗನ್ ಪೆರೇರಾ!" ಅಂತ ಕೂಗಿದ ರಭಸಕ್ಕೆ ಕೌಂಟರಿನಲ್ಲಿದ್ದವರು ತಿರುಗಿ ನೋಡಿದರು.

ಖಾಲಿ ಸೊನ್ನೆ ಕಣ್ಣೆದುರು ಇದ್ದರೆ ಮನಸ್ಸು ಸುಮ್ಮನಿರುವುದಿಲ್ಲ. ಒಂದು ಹೆಸರು ಬಂದರೆ ಪಕ್ಕದಲ್ಲಿ ಆಡಿದವನನ್ನೂ ಎಳೆದು ತರುತ್ತದೆ. ಜಾನ್ಸನ್ ಅಂದ ಕೂಡಲೇ ಅವನ ಜೋಡಿ ಕರ್ಟಿಸ್ ಒಸಾನೊ ಬಂದ. ನೈರೋಬಿಯಲ್ಲಿ ಹುಟ್ಟಿ, ಇಂಗ್ಲೆಂಡಿನ ರೆಡಿಂಗ್ ಕ್ಲಬ್‌ನಲ್ಲಿ ಆಟ ಕಲಿತವನು. ಒಸಾನೊ ಹಿಂದೆಯೇ ಜಾನಿ ಮೆನ್ಯೊಂಗರ್. ಲೈಬೀರಿಯಾದವನು, 34ರ ವಯಸ್ಸಿನಲ್ಲಿ ನಮ್ಮೂರಿಗೆ ಬಂದು ಮಿಡ್‌ಫೀಲ್ಡ್‌ನಲ್ಲಿ ಆಡಿದ. ಗೋಲ್‌ಕೀಪರ್ ಪವನ್ ಕುಮಾರ್. ಮಿಜೋರಾಂನ ಬೇಖೋಖೈ ಬೈಂಗಾಯ್ಚೊ, ಮಣಿಪುರದ ಥೋಯಿ ಸಿಂಗ್. ನಮ್ಮ ಬೆಂಗಳೂರಿನವನೇ ಆದ ಶಂಕರ್ ಸಂಪಂಗಿರಾಜ್ ಮಾತ್ರ ಕೊನೆಗೆ ಬಂದ. ನನಗೆ ಅದು ತುಂಬ ಬೇಜಾರಾಯಿತು. ನಮ್ಮೂರ ಹುಡುಗ, ನಮ್ಮೂರ ಕ್ಲಬ್, ಅವನನ್ನೇ ಕೊನೆಗೆ ನೆನೆಯುವುದೇ? ಹೊಸ ಕ್ಲಬ್ ಮೊದಲ ಸಲವೇ ಐ-ಲೀಗ್ ಗೆದ್ದಿತು ಅಂತ ಎಲ್ಲರೂ ಹೇಳುತ್ತಾರೆ. ಗೆದ್ದವರು ಇವರು.

ಕೆಲಸ ಮಾಡುತ್ತಾ ಮೂರು ಕಟ್ಟುಪಾಡು ಮಾಡಿಕೊಂಡೆವು. ಮೊದಲ ಅರ್ಧ ಗಂಟೆ ಯಾರೂ ಮೊಬೈಲ್ ತೆಗೆಯಬಾರದು. ನೆನಪಿನಿಂದ ಬಂದದ್ದನ್ನು ಪೆನ್ಸಿಲ್‌ನಲ್ಲೇ ಬರೆಯಬೇಕು, ಆ ದಿನದ ಪತ್ರಿಕೆ ವರದಿ ನೋಡಿ ಖಚಿತವಾದ ಮೇಲೆ ಪೆನ್ನಿನಲ್ಲಿ. ಆಮೇಲೆ, ಪ್ರತಿ ಹೆಸರಿನ ಪಕ್ಕ ನಾವು ಕಣ್ಣಾರೆ ಕಂಡ ಅಥವಾ ಕಿವಿಯಾರೆ ಕೇಳಿದ ಒಂದು ಸಂಗತಿ ಇರಬೇಕು. ಒಸಾನೊ ಪಕ್ಕ "ಕೂಗಿದರೆ ನಮ್ಮ ಕಟ್ಟೆಗೆ ಕೇಳುತ್ತಿತ್ತು" ಅಂತಿದೆ. ಅಂಕಿಸಂಖ್ಯೆ ಎಲ್ಲಾದರೂ ಸಿಗುತ್ತದೆ, ಈ ಸಾಲು ನಮ್ಮಲ್ಲಿ ಮಾತ್ರ ಇರುವುದು.

ಪೆನ್ಸಿಲ್ ಕಟ್ಟುಪಾಡು ಯಾಕೆ ಬಂತು ಅಂತ ಹೇಳಬೇಕು. 2015ರ ಮೇ 31, ಲೀಗ್‌ನ ಕೊನೆಯ ಪಂದ್ಯ, ಕಂಠೀರವದಲ್ಲಿ ಮತ್ತೆ ಮೋಹನ್ ಬಗಾನ್. ನಾವು ಗೆದ್ದರೆ ಟ್ರೋಫಿ ನಮಗೆ. ಆ ಪುಟದಲ್ಲಿ ಮೂವರೂ "ಸೋತೆವು" ಅಂತ ಬರೆದಿದ್ದೆವು. ಮೂವರೂ ಅಲ್ಲಿದ್ದವರೇ, ಮೂವರಿಗೂ ಅನುಮಾನವೇ ಇರಲಿಲ್ಲ. ವರದಿ ತೆಗೆದು ನೋಡಿದರೆ 1-1. ಜಾನ್ಸನ್ ಗೋಲಿನಿಂದ ನಾವು ಮುಂದಿದ್ದೆವು. 87ನೇ ನಿಮಿಷದಲ್ಲಿ ಬೆಲ್ಲೊ ರಜಾಕ್ ಹೆಡ್ ಮಾಡಿ ಸಮ ಮಾಡಿದ, ಬಗಾನ್‌ಗೆ ಅಷ್ಟು ಸಾಕಿತ್ತು. ಟ್ರೋಫಿ ಹೋದ ನೋವು ಪಂದ್ಯವನ್ನೇ ಸೋಲಿಸಿಬಿಟ್ಟಿತ್ತು.

ಒಂದು ಸೊನ್ನೆ ಬಗ್ಗೆ ನನಗೆ ಉಳಿದೆಲ್ಲಕ್ಕಿಂತ ಜಾಸ್ತಿ ಪ್ರೀತಿ. 2016ರ ನವೆಂಬರ್ 5, ದೋಹಾ, ಏಷ್ಯಾದ ಕ್ಲಬ್‌ಗಳು ಆಡುವ ಎಎಫ್‌ಸಿ ಕಪ್‌ನ ಫೈನಲ್. ಅಲ್ಲಿವರೆಗೆ ಭಾರತದ ಯಾವ ಕ್ಲಬ್ಬೂ ಆ ಫೈನಲ್ ತಲುಪಿರಲಿಲ್ಲ. ಸೆಮಿಫೈನಲ್‌ನಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು ಕಂಠೀರವದಲ್ಲಿ 3-1ರಿಂದ ಸೋಲಿಸಿದ್ದು ಎಲ್ಲರಿಗೂ ನೆನಪಿದೆ. ಚೆಟ್ರಿ ಎರಡು, ಹುವಾನನ್ ಒಂದು. ಆದರೆ ಫೈನಲ್‌ನಲ್ಲಿ ಗೋಲ್‌ಪೋಸ್ಟ್ ಕೆಳಗೆ ನಿಂತವರು ಯಾರು ಅಂತ ಕೇಳಿ ನೋಡಿ. ಹತ್ತರಲ್ಲಿ ಎಂಟು ಜನ ಅಮರಿಂದರ್ ಅನ್ನುತ್ತಾರೆ. ಆಗಿನ ಮುಖ್ಯ ಗೋಲ್‌ಕೀಪರ್ ಅಮರಿಂದರ್‌ಗೆ ಆ ಪಂದ್ಯ ಆಡುವ ಹಾಗಿರಲಿಲ್ಲ, ಅಮಾನತಿನಲ್ಲಿದ್ದ. ನಿಂತವನು ಲಾಲ್‌ಥುಅಮ್ಮಾವಿಯಾ ರಾಲ್ಟೆ. ಕ್ಲಬ್‌ನ ಅತಿ ದೊಡ್ಡ ರಾತ್ರಿ ಅವನ ಪಾಲಿಗೆ ಬಂತು. ಇರಾಕಿನ ಏರ್‌ಫೋರ್ಸ್ ಕ್ಲಬ್‌ನ ಹಮ್ಮಾದಿ ಅಹ್ಮದ್ ಹೊಡೆದ ಒಂದೇ ಗೋಲಿಗೆ ನಾವು ಸೋತೆವು. ಗೆದ್ದಿದ್ದರೆ ರಾಲ್ಟೆ ಹೆಸರು ಗೋಡೆ ಮೇಲೆ ಇರುತ್ತಿತ್ತು ಅನ್ನುವುದು ನನ್ನ ನಂಬಿಕೆ. ಆ ಸೊನ್ನೆಯೊಳಗೆ ಹೆಸರು ಹಿಡಿಸಲಿಲ್ಲ. ಸೊನ್ನೆಯನ್ನೇ ದೊಡ್ಡದು ಮಾಡಿ ಬರೆದೆ.

ನೋಟ್‌ಬುಕ್ ಒಂದು ಸಲ ಸೋದರಮಾವನ ಮನೆಗೂ ಹೋಯಿತು. ಮಾವ ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ ದುಡಿದವರು. ಬಿಇಎಲ್, ಎಚ್‌ಎಎಲ್, ಐಟಿಐ ಅಂತ ಕಾರ್ಖಾನೆಗಳ ತಂಡಗಳು ಊರಿನ ಫುಟ್‌ಬಾಲನ್ನು ಸಾಕುತ್ತಿದ್ದ ಕಾಲ ಅವರದು. "ಮಾವ, ನಿಮ್ ಕಾಲದ್ದೊಂದು ಟೀಮ್ ಹೇಳಿ" ಅಂದರೆ "ಅಯ್ಯೋ ಬಿಡಪ್ಪಾ, ಅದೆಲ್ಲ ಯಾರಿಗೆ ಬೇಕು" ಅಂದರು. ನಾನು ಸೊನ್ನೆ ಬರೆದು ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ನೋಡಿದರು. "ಇದೇನೋ ಇದು, ಮುಂದೆ ಇಬ್ರೇನಾ? ಐದು ಜನ ಇರ್ಬೇಕು ಕಣೋ. ಎಲ್ಲಿ ರಬ್ಬರ್ ಕೊಡು." ನನ್ನ ಸೊನ್ನೆಗಳನ್ನು ಅಳಿಸಿ, ನಡುಗುವ ಕೈಯಲ್ಲಿ ತಾವೇ ಬರೆದರು. ಮುಂದೆ ಐದು, ನಡುವೆ ಮೂರು, ಹಿಂದೆ ಎರಡು. ಅವರಪ್ಪ ಅವರಿಗೆ ಆಟ ಕಲಿಸಿದ್ದು ಹಾಗೆ.

ಆ ಐದರಲ್ಲಿ ಮೊದಲು ತುಂಬಿದ್ದು ಮಾವ ಕಂಡವರಲ್ಲ, ಅಪ್ಪನ ಬಾಯಲ್ಲಿ ಕೇಳಿದವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತದ ಒಂದೇ ಗೋಲು ಹೊಡೆದ ಮೈಸೂರು ಸಂಸ್ಥಾನದ ಸಾರಂಗಪಾಣಿ ರಾಮನ್. ಅದು ಒಲಿಂಪಿಕ್ಸ್‌ನಲ್ಲಿ ನಮ್ಮ ದೇಶದ ಮೊದಲ ಗೋಲು. ಅವರ ಪಕ್ಕ ಅಹ್ಮದ್ ಖಾನ್, ಬೆಂಗಳೂರಿನಿಂದ ಕೋಲ್ಕತ್ತಾಗೆ ಹೋಗಿ ಈಸ್ಟ್ ಬೆಂಗಾಲ್ ಕ್ಲಬ್‌ನಲ್ಲಿ 'ಪಂಚ ಪಾಂಡವರು' ಅನ್ನಿಸಿಕೊಂಡ ಐವರು ಫಾರ್ವರ್ಡ್‌ಗಳಲ್ಲಿ ಒಬ್ಬರಾದವರು. ಕೋಲ್ಕತ್ತಾದಲ್ಲಿ ಅವರ ಹೆಸರು ಹೇಳಿದರೆ ಈಗಲೂ ಕೈ ಮುಗಿಯುವವರಿದ್ದಾರೆ. 2017ರಲ್ಲಿ ಅವರು ತೀರಿಕೊಂಡದ್ದು ನಮ್ಮ ಊರಿನಲ್ಲೇ.

ಆಮೇಲೆ ಮಾವ ಇನ್ನೊಂದು ಪುಟ ಕೇಳಿದರು. 1968-69ರಲ್ಲಿ ಬಂಗಾಳವನ್ನು ಸೋಲಿಸಿ, ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿ ಗೆದ್ದ ಮೈಸೂರು ತಂಡಕ್ಕೆ (ಆಗ ನಮ್ಮ ರಾಜ್ಯದ ಹೆಸರು ಅದೇ). ಸಂಜೆವರೆಗೆ ಏಳು ಸೊನ್ನೆ ತುಂಬಿದರು. ಇನ್ನೂ ಪೆನ್ಸಿಲ್‌ನಲ್ಲೇ ಇವೆ, ಅದಕ್ಕೇ ಇಲ್ಲಿ ಬರೆಯುತ್ತಿಲ್ಲ. ಆ ಟ್ರೋಫಿ ನಮ್ಮ ರಾಜ್ಯಕ್ಕೆ ಮತ್ತೆ ಬರಲು 54 ವರ್ಷ ಬೇಕಾಯಿತು. 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ, ಮೇಘಾಲಯವನ್ನು 3-2ರಿಂದ ಸೋಲಿಸಿ.

"ಅದ್ರಲ್ಲಿ ಗೋಲ್ ಹೊಡ್ದೋರು ಯಾರು?" ಅಂತ ಮಾವ ಕೇಳಿದರು. ನನಗೆ ಹೇಳಲಾಗಲಿಲ್ಲ. ಆಗಿದ್ದು ಮೊನ್ನೆ ಮೊನ್ನೆ. ಮನೆಗೆ ಬಂದು ಹುಡುಕಿ ನೋಡಿ, ಹೊಸ ಪುಟದಲ್ಲಿ ಹನ್ನೊಂದು ಸೊನ್ನೆ ಎಳೆದು, ಪೆನ್ನಿನಲ್ಲಿ ಮೂರು ಹೆಸರು ಬರೆದೆ. ಸುನಿಲ್ ಕುಮಾರ್, ಬೇಕೆ ಓರಂ, ರಾಬಿನ್ ಯಾದವ್. ಉಳಿದ ಎಂಟನ್ನು ಮುಂದಿನ ಭಾನುವಾರ ದರ್ಶಿನಿಯಲ್ಲಿ ಗೆಳೆಯರ ಮುಂದೆ ಇಡಬೇಕು.