ಅಗ್ಗದ ಮಾತ್ರೆಯ ಲಾಭ ಯಾರಿಗೆ?

ಸುಂಟಿಕೊಪ್ಪದ ನನ್ನ ಔಷಧಿ ಅಂಗಡಿಯಲ್ಲಿ ಪ್ರಚಾರವಿಲ್ಲದೆ ಬರುವ ಅಗ್ಗದ ಮಾತ್ರೆ, ಅಂದರೆ ಜನರಿಕ್, ಬೇಕೆಂದು ಬಾಯಿಬಿಟ್ಟು ಕೇಳುವವರು ಹೆಚ್ಚಾಗಿ ಪಿಂಚಣಿದಾರರು. ನಿವೃತ್ತ ಶಿಕ್ಷಕರು, ಬ್ಯಾಂಕಿನಲ್ಲಿದ್ದವರು, ಅಂಚೆ ಕಚೇರಿಯಲ್ಲಿದ್ದವರು. ಚೀಟಿಯ ಜೊತೆಗೆ ಹಿಂದಿನ ತಿಂಗಳ ಬಿಲ್ಲನ್ನೂ ತರುತ್ತಾರೆ. ಟೆಲ್ಮಿಸಾರ್ಟಾನ್, ಮೆಟ್‌ಫಾರ್ಮಿನ್ ಎಂದು ಔಷಧಿಯ ಮೂಲ ಹೆಸರನ್ನೇ ಹೇಳುತ್ತಾರೆ. ಎರಡು ರೂಪಾಯಿ ಹೆಚ್ಚಾಗಿದ್ದರೂ ಕಾರಣ ಕೇಳುತ್ತಾರೆ. ಆ ಎರಡು ರೂಪಾಯಿಯ ಅಗತ್ಯ ನಿಜಕ್ಕೂ ಹೆಚ್ಚಾಗಿರುವವರು ಕಾಫಿ ತೋಟದ ಲೈನ್ ಮನೆಗಳಿಂದ, ಅಂದರೆ ಕೂಲಿಯವರ ಸಾಲುಮನೆಗಳಿಂದ, ಬರುತ್ತಾರೆ. ಅವರು ನೋಟನ್ನು ಕೌಂಟರಿನ ಮೇಲಿಟ್ಟು, "ಇದಕ್ಕೆ ಎಷ್ಟು ಬರುತ್ತದೋ ಅಷ್ಟು ಕೊಡಿ ಅಕ್ಕಾ" ಎನ್ನುತ್ತಾರೆ. ಇದಕ್ಕಿಂತ ಕಡಿಮೆಯದು ಇದೆಯೇ ಎಂದು ಅವರಲ್ಲಿ ಕೇಳುವವರು ತೀರಾ ಅಪರೂಪ.

ಆದಾಯ ಇಳಿದಷ್ಟೂ ಜನರಿಕ್ ಬಳಕೆ ಏರುತ್ತದೆ ಎಂದು ಮೇಲ್ನೋಟಕ್ಕೆ ಅನಿಸುವುದು ಸಹಜ. ಕೊಡಗಿನಲ್ಲಿ ಇಷ್ಟು ಕಾಲ ಔಷಧಿ ಮಾರಿದ ಮೇಲೆ ನಾನು ಹೇಳಬಲ್ಲೆ: ಆದಾಯ ಎಷ್ಟು ಎನ್ನುವಷ್ಟೇ ಅದು ಯಾವಾಗ ಕೈಗೆ ಬರುತ್ತದೆ ಎನ್ನುವುದೂ ಮುಖ್ಯ. ಪಿಂಚಣಿ ತಿಂಗಳಿಗೊಮ್ಮೆ ಬರುತ್ತದೆ. ತೋಟದ ಕೂಲಿಯ ಬಟವಾಡೆ ವಾರಕ್ಕೊಮ್ಮೆ. ಕಾಫಿ ಬೆಳೆಗಾರರ ಹಣ ವರ್ಷಕ್ಕೊಮ್ಮೆ, ಅದೂ ಮಳೆ ಮತ್ತು ಮಾರುಕಟ್ಟೆ ಎರಡೂ ಒಲಿದರೆ. ಬಿಪಿ, ಶುಗರ್ ಮಾತ್ರೆಯನ್ನು ಮಾತ್ರ ಎಲ್ಲರೂ ದಿನವೂ ನುಂಗಬೇಕು.

ಮೊದಲು ನಮ್ಮ ವ್ಯಾಪಾರದ ಒಳಗಿನ ಮಾತು ಹೇಳುತ್ತೇನೆ. ಇದು ಗೊತ್ತಿಲ್ಲದಿದ್ದರೆ ಉಳಿದದ್ದು ಅರ್ಥವಾಗುವುದಿಲ್ಲ. ನಮ್ಮ ಕಪಾಟಿನಲ್ಲಿರುವ ಬಹುಪಾಲು ಔಷಧಿಗಳ ಪೇಟೆಂಟ್ ಅವಧಿ ಎಂದೋ ಮುಗಿದಿದೆ. ಆ ಲೆಕ್ಕದಲ್ಲಿ ದೊಡ್ಡ ಕಂಪನಿಯ ಹೆಸರು ಹೊತ್ತು ಬರುವ ಮಾತ್ರೆಯೂ ಜನರಿಕ್ಕೇ. ವೈದ್ಯರ ಬಳಿ ಪ್ರತಿನಿಧಿಗಳನ್ನು ಕಳುಹಿಸಿ ಪ್ರಚಾರ ಮಾಡಿದ್ದನ್ನು ಬ್ರ್ಯಾಂಡ್ ಎನ್ನುತ್ತೇವೆ. ಪ್ರಚಾರವಿಲ್ಲದೆ ಸಗಟು ವ್ಯಾಪಾರಿಯ ಮೂಲಕ ನೇರವಾಗಿ ಅಂಗಡಿಗೆ ಬರುವುದನ್ನು ಜನರಿಕ್ ಎನ್ನುತ್ತೇವೆ. ಎಷ್ಟೋ ಸಲ ಎರಡನ್ನೂ ತಯಾರಿಸುವುದು ಒಂದೇ ಕಂಪನಿ. ವ್ಯತ್ಯಾಸ ಇರುವುದು ಅಂಗಡಿಯವರು ಕೊಳ್ಳುವ ದರದಲ್ಲಿ. ಎಂಆರ್‌ಪಿ 60 ರೂಪಾಯಿ ಇರುವ ಬ್ರ್ಯಾಂಡ್ ಸ್ಟ್ರಿಪ್ ನನಗೆ 50 ರೂಪಾಯಿಯ ಆಸುಪಾಸಿಗೆ ಬೀಳುತ್ತದೆ. ಅದೇ 60 ರೂಪಾಯಿ ಮುದ್ರಿಸಿದ ಜನರಿಕ್ ಸ್ಟ್ರಿಪ್ 15 ರೂಪಾಯಿಗೂ ಸಿಗಬಹುದು. ನಡುವಿನ 45 ರೂಪಾಯಿ ಯಾರದ್ದು ಎಂಬ ಪ್ರಶ್ನೆಗೆ ಕಾನೂನು ಉತ್ತರ ಹೇಳುವುದಿಲ್ಲ. ಎಂಆರ್‌ಪಿ ಮೀರಬಾರದು, ಅಷ್ಟೇ.

ಕೇಳಿದವರಿಗೆ ಅದರಲ್ಲಿ ಪಾಲು ಸಿಗುತ್ತದೆ, ಕೇಳದವರಿಗೆ ಸಿಗುವುದಿಲ್ಲ. ಚೀಟಿ ಇಲ್ಲದೆ ಜ್ವರಕ್ಕೆ, ಮೈಕೈ ನೋವಿಗೆ ನಾಲ್ಕು ಮಾತ್ರೆ ಕತ್ತರಿಸಿಕೊಂಡು ಹೋಗುವ ಕೂಲಿಯವರ ಕೈಗೆ ಅನೇಕ ಕಡೆ ಬೀಳುವುದು ಜನರಿಕ್ಕೇ, ಕೊಡುವ ಬೆಲೆ ಮಾತ್ರ ಪೂರ್ತಿ ಎಂಆರ್‌ಪಿ. ಬಡವರು ಜನರಿಕ್ ಬಳಸುವುದಿಲ್ಲ ಎಂದು ಸಭೆಗಳಲ್ಲಿ ಹೇಳುವುದನ್ನು ಕೇಳಿದಾಗ ನನಗೆ ಸಂಕಟವಾಗುತ್ತದೆ. ಅವರು ಬಳಸುತ್ತಿದ್ದಾರೆ. ತಾವು ಬಳಸುತ್ತಿರುವುದು ಅದನ್ನೇ ಎಂದು ಅವರಿಗೆ ಯಾರೂ ಹೇಳಿಲ್ಲ, ಅದರ ಅಗ್ಗವನ್ನು ಯಾರೂ ಅವರವರೆಗೆ ಬಿಟ್ಟಿಲ್ಲ.

ಆದ್ದರಿಂದ ನಾನು ಮೊದಲು ಕೈ ಹಾಕಿದ್ದು ಬೆಲೆಗೆ. ಜನರಿಕ್ ಸ್ಟ್ರಿಪ್‌ಗಳಿಗೆ ಎಂಆರ್‌ಪಿಯನ್ನು ಬಿಟ್ಟು, ಕೊಂಡ ದರದ ಮೇಲೆ ಇಂತಿಷ್ಟು ಎಂದು ಒಂದು ಲಾಭವನ್ನು ಗೊತ್ತುಮಾಡಿಕೊಂಡೆ. ಕೇಳಿದವರಿಗೂ ಕೇಳದವರಿಗೂ ಅದೇ ದರ. ಬಿಪಿ, ಶುಗರ್, ಕೊಲೆಸ್ಟ್ರಾಲ್, ಗ್ಯಾಸ್ಟ್ರಿಕ್, ಆಸ್ತಮಾ ಮಾತ್ರೆಗಳ ಒಂದು ತಿಂಗಳ ಬೆಲೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಕೌಂಟರಿನ ಪಕ್ಕ ತೂಗುಹಾಕಿದೆ. ಓದಲು ಬಾರದವರಿಗೆ ಬಾಯಲ್ಲೇ ಹೇಳುವುದು ನನ್ನ ಅಂಗಡಿಯ ನಿಯಮ. ತಮಿಳು, ಮಲಯಾಳ, ತುಳು ಮನೆಮಾತಿನವರು ಇಲ್ಲಿ ಬಹಳ. ಈಗ ಅಸ್ಸಾಮಿನಿಂದ ಬಂದವರೂ ಇದ್ದಾರೆ. ಬೆಲೆಯ ಮಟ್ಟಿಗಾದರೂ ಅವರ ಭಾಷೆಯಲ್ಲಿ ಹೇಳಲು ಕಲಿತೆವು.

ಚೀಟಿಯ ವಿಷಯ ಇಷ್ಟು ಸುಲಭವಲ್ಲ. 1945ರ ಔಷಧಿ ನಿಯಮಗಳ ಪ್ರಕಾರ, ಷೆಡ್ಯೂಲ್ ಎಚ್‌ಗೆ (ಚೀಟಿ ಇದ್ದರೆ ಮಾತ್ರ ಮಾರಬಹುದಾದವುಗಳ ಪಟ್ಟಿಗೆ) ಸೇರಿದ ಔಷಧಿಯನ್ನು ವೈದ್ಯರು ಯಾವ ಬ್ರ್ಯಾಂಡಿನ ಹೆಸರಿನಲ್ಲಿ ಬರೆದಿದ್ದಾರೋ ಅದನ್ನೇ ಕೊಡಬೇಕು. ಅದೇ ಅಂಶವಿರುವ ಬೇರೆ ತಯಾರಿಕೆಯನ್ನು ನಮ್ಮಷ್ಟಕ್ಕೆ ನಾವೇ ಕೊಡುವಂತಿಲ್ಲ. ವೈದ್ಯರು ಮೂಲ ಹೆಸರಿನಲ್ಲಿ ಬರೆಯಬೇಕೆಂದು ವೈದ್ಯಕೀಯ ಮಂಡಳಿಯ ನಿಯಮಕ್ಕೆ 2016ರಲ್ಲಿ ತಿದ್ದುಪಡಿಯಾಗಿದೆ. 2023ರ ಆಗಸ್ಟ್‌ನಲ್ಲಿ ಬಂದ ಹೊಸ ನಿಯಮಾವಳಿ ಅದನ್ನು ಇನ್ನಷ್ಟು ಬಿಗಿಗೊಳಿಸಿತ್ತು, ಅದೇ ತಿಂಗಳಲ್ಲಿ ತಡೆಹಿಡಿಯಲಾಯಿತು. ಹೀಗಾಗಿ ನಾನು ವೈದ್ಯರ ಬಳಿಗೇ ಹೋದೆ. ಸುತ್ತಮುತ್ತ ಕ್ಲಿನಿಕ್ ನಡೆಸುವವರ ಮುಂದೆ, ಯಾವ ಜನರಿಕ್ ಯಾವ ಕಂಪನಿಯದು, ಬ್ಯಾಚಿನ ಪರೀಕ್ಷಾ ವರದಿ ಎಲ್ಲಿದೆ, ತಿಂಗಳಿಗೆ ರೋಗಿಗೆ ಎಷ್ಟು ಉಳಿಯುತ್ತದೆ ಎಂಬ ಪಟ್ಟಿ ಇಟ್ಟೆ. ಒಪ್ಪದವರಿದ್ದರು, ಅವರ ಅನುಮಾನಗಳಲ್ಲಿ ಹುರುಳೂ ಇತ್ತು. ಒಪ್ಪಿದವರು ಮಾತ್ರ ತಮ್ಮ ಕೂಲಿ ರೋಗಿಗಳ ಚೀಟಿಯಲ್ಲಿ ಮೂಲ ಹೆಸರು ಬರೆಯತೊಡಗಿದರು. ಆ ಒಂದು ಬದಲಾವಣೆಯಿಂದ ಆದಷ್ಟು ಉಪಕಾರ ನನ್ನ ಬೋರ್ಡಿನಿಂದ ಆಗಿಲ್ಲ.

ಇನ್ನು ವಾರದ ಬಟವಾಡೆಯ ಮಾತು. ವಾರಕ್ಕೊಮ್ಮೆ ಕೂಲಿ ಪಡೆಯುವವರು ಸಂತೆಯ ದಿನ ಪೇಟೆಗೆ ಬರುತ್ತಾರೆ. ಅಕ್ಕಿ, ಮೀನು, ಮಕ್ಕಳ ಪುಸ್ತಕ, ಹಿಂದಿನ ವಾರದ ಸಾಲ, ಎಲ್ಲವೂ ಅದರಲ್ಲೇ. ಕತ್ತಲಾಗುವ ಮೊದಲು ಲೈನ್ ಸೇರಬೇಕು. ತೋಟದ ದಾರಿಯಲ್ಲಿ ಆನೆಯ ಭಯ ಇಲ್ಲಿ ಕಥೆಯಲ್ಲ, ದಿನನಿತ್ಯದ ಸಂಗತಿ. ಇಷ್ಟು ಅವಸರದಲ್ಲಿರುವವರು ಎರಡು ಅಂಗಡಿ ಸುತ್ತಿ ಬೆಲೆ ಹೋಲಿಸುವುದು ಆಗದ ಮಾತು. ಜನೌಷಧಿ ಕೇಂದ್ರದಲ್ಲಿ ಇನ್ನೂ ಕಡಿಮೆಗೆ ಸಿಗುತ್ತದೆ ಎಂದು ನಾನೇ ಹೇಳುತ್ತೇನೆ. ಅಲ್ಲಿನ ದರವನ್ನು ಮುಂಚೂಣಿಯ ಮೂರು ಬ್ರ್ಯಾಂಡ್‌ಗಳ ಸರಾಸರಿಯ ಅರ್ಧಕ್ಕಿಂತ ಹೆಚ್ಚಾಗದಂತೆ ಗೊತ್ತುಮಾಡುತ್ತಾರೆ, ಸ್ಯಾನಿಟರಿ ಪ್ಯಾಡ್ ಒಂದಕ್ಕೆ ಒಂದೇ ರೂಪಾಯಿ. ಆದರೆ ಹತ್ತಿರದಲ್ಲಿ ಕೇಂದ್ರವಿಲ್ಲದ ತೋಟದವರು ಬಸ್ ಹಿಡಿದು ಹೋದರೆ ಒಂದು ದಿನದ ಕೂಲಿ ಹೋಗುತ್ತದೆ. ಮಾತ್ರೆಯಲ್ಲಿ ಉಳಿದದ್ದು ಕೂಲಿಯಲ್ಲಿ ಕರಗಿದರೆ ಅದು ಅಗ್ಗ ಹೇಗಾದೀತು?

ಅವರಿಗಾಗಿ ನಾನು ವಾರದ ಕಟ್ಟು ಮಾಡಿದೆ. ಏಳು ದಿನದ ಮಾತ್ರೆ, ಬಟವಾಡೆಯ ಮರುದಿನಕ್ಕೆ ಹೊಂದುವಂತೆ. ಸ್ಟ್ರಿಪ್ ಕತ್ತರಿಸುವಾಗ ಅವಧಿ ಮುಗಿಯುವ ದಿನಾಂಕ ಇರುವ ತುದಿಯನ್ನು ಕೊನೆಯವರೆಗೆ ಉಳಿಸಿಕೊಳ್ಳಬೇಕು, ಕಾಗದದ ಕವರಿನ ಮೇಲೆ ಔಷಧಿಯ ಹೆಸರು, ಶಕ್ತಿ, ಬ್ಯಾಚ್, ದಿನಾಂಕ ಬರೆಯಬೇಕು. ಬೆಳಗ್ಗೆಯದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರನ ಗುರುತು. ಕೆಲವು ತೋಟಗಳ ಲೆಕ್ಕ ಬರೆಯುವ ರೈಟರ್‌ಗಳು ಚೀಟಿಗಳನ್ನು ಒಟ್ಟುಮಾಡಿ ತಂದು, ಕಟ್ಟುಗಳನ್ನು ಜೀಪಿನಲ್ಲಿ ಒಯ್ಯಲು ಮುಂದೆ ಬಂದರು. ಯಾರಿಗೆ ಯಾವ ಕಾಯಿಲೆ ಎಂಬುದು ಲೈನಿನಲ್ಲಿ ಸುದ್ದಿಯಾಗಬಾರದೆಂದು ಪ್ರತಿ ಕಟ್ಟನ್ನೂ ಅಂಟಿಸಿಯೇ ಕೊಡುತ್ತೇನೆ.

ಬೆಲೆ ಇಳಿಸಿದ ಮಾತ್ರಕ್ಕೆ ಎಲ್ಲರೂ ಒಪ್ಪಿದರು ಎಂದಲ್ಲ. ಕೂಲಿಯವರಲ್ಲಿ ಅಗ್ಗದ ಮಾತ್ರೆಯ ಮೇಲೆ ಗಟ್ಟಿಯಾದ ಅಪನಂಬಿಕೆ ಇದೆ. ಅದನ್ನು ಅಜ್ಞಾನ ಎಂದು ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. ಪಿಂಚಣಿದಾರರಿಗೆ ಮಾತ್ರೆ ಹಿಡಿಸದಿದ್ದರೆ ಮರುದಿನ ವೈದ್ಯರನ್ನು ಕಾಣುತ್ತಾರೆ. ಕೂಲಿಯವರಿಗೆ ಹಿಡಿಸದಿದ್ದರೆ ಕೆಲಸ ತಪ್ಪುತ್ತದೆ, ಕೂಲಿ ತಪ್ಪುತ್ತದೆ. ಕಡಿಮೆ ಸಂಪಾದನೆಯವರಿಗೆ ಪ್ರಯೋಗ ಮಾಡಿ ನೋಡುವಷ್ಟು ಬಿಡುವಿಲ್ಲ. ದುಬಾರಿಯದನ್ನು ನಾಲ್ಕೇ ದಿನಕ್ಕೆ ಕೊಳ್ಳುವುದು ಅವರ ಕಣ್ಣಿಗೆ ಎಚ್ಚರಿಕೆಯ ನಡೆ. ಇದನ್ನು ತಿಳಿದ ಮೇಲೆ ನಾನು ಭಾಷಣ ಬಿಟ್ಟೆ, ಎರಡು ಸ್ಟ್ರಿಪ್‌ಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವ ಅಭ್ಯಾಸ ಮಾಡಿಕೊಂಡೆ. 2018ರಿಂದ ಔಷಧಿಯ ಮೂಲ ಹೆಸರನ್ನು ಬ್ರ್ಯಾಂಡ್ ಹೆಸರಿಗಿಂತ ದೊಡ್ಡದಾಗಿ ಮುದ್ರಿಸಬೇಕೆಂಬ ನಿಯಮವಿದೆ. ಓದಲು ಬಾರದಿದ್ದರೂ ಎರಡರ ಮೇಲೂ ಒಂದೇ ಆಕಾರದ ಅಕ್ಷರಗಳಿರುವುದು ಕಣ್ಣಿಗೆ ಕಾಣುತ್ತದೆ. ನಂತರ ಎರಡು ವಾರ ಬಿಟ್ಟು ಬಿಪಿ ನೋಡುತ್ತೇನೆ, ಅದಕ್ಕೆ ಹಣ ತೆಗೆದುಕೊಳ್ಳುವುದಿಲ್ಲ. ಒಬ್ಬ ಯರವ ಬುಡಕಟ್ಟಿನ ಹೆಂಗಸಿಗೆ ಹಳೆಯ ಮಾತ್ರೆಯಲ್ಲಿ ಎಷ್ಟಿತ್ತೋ ಅಷ್ಟೇ ಬಿಪಿ ಹೊಸದರಲ್ಲೂ ಬಂದಾಗ, ಅವರೇ ಲೈನಿನ ಇತರರನ್ನು ಕರೆತಂದರು. ನಂಬಿಕೆ ಇಲ್ಲಿ ಹಬ್ಬುವುದು ಹೀಗೆ, ಮನೆಯಿಂದ ಮನೆಗೆ.

ಬೆಳೆಗಾರರ ಕಥೆ ಬೇರೆ. ಅರೇಬಿಕಾ ಕೊಯ್ಲು ನವೆಂಬರಿನಿಂದ, ರೊಬಸ್ಟಾ ಜನವರಿಯಿಂದ. ಹಣ ಕೈಸೇರಿದ ಮೇಲೆ ವರ್ಷದ ಬಾಕಿ ತೀರಿಸುತ್ತಾರೆ. ಜೂನ್‌ನಿಂದ ಮಳೆ ಹಿಡಿದರೆ ಲೆಕ್ಕ ಬರೆಸುತ್ತಾರೆ. ಲೆಕ್ಕದಲ್ಲಿ ಬರೆಸುವ ಕಾಲದಲ್ಲಿ ಅವರಿಗೆ ಬೆಲೆ ಕಾಣುವುದೇ ಇಲ್ಲ, ಆದ್ದರಿಂದ ಬ್ರ್ಯಾಂಡಿಗೇ ಅಂಟಿಕೊಳ್ಳುತ್ತಾರೆ. ಹಣವಿಲ್ಲದ ತಿಂಗಳಲ್ಲೇ ದುಬಾರಿ ಮಾತ್ರೆ ಹೋಗುತ್ತದೆ ಎಂಬುದನ್ನು ನನ್ನ ಲೆಕ್ಕದ ಪುಸ್ತಕದಲ್ಲಿ ಕಂಡಾಗ ನನಗೇ ಆಶ್ಚರ್ಯವಾಯಿತು. 2018ರ ಆಗಸ್ಟ್‌ನ ಭೂಕುಸಿತದ ನಂತರ ಮಾದಾಪುರ, ಹಟ್ಟಿಹೊಳೆ ಕಡೆಯ ಸಣ್ಣ ಬೆಳೆಗಾರರು ಮೊದಲ ಸಲ ಕಡಿಮೆ ಬೆಲೆಯದು ಇದೆಯೇ ಎಂದು ಕೇಳಿದರು. ಕೇಳಲು ಅವರು ಪಟ್ಟ ಸಂಕೋಚ ನನಗೆ ನೆನಪಿದೆ. 2024ರಲ್ಲಿ ರೊಬಸ್ಟಾ ಬೆಲೆ ಹಿಂದೆಂದೂ ಕಾಣದಷ್ಟು ಏರಿದಾಗ ಅವರಲ್ಲಿ ಕೆಲವರು ಬ್ರ್ಯಾಂಡಿಗೆ ಮರಳಿದರು. ಮೂರು ತಿಂಗಳಿಗೊಮ್ಮೆ ಶುಗರ್ ಪರೀಕ್ಷೆ ಮಾಡಿಸಿ, ಅಂಕಿ ಸರಿಯಾಗಿರುವುದನ್ನು ಕಂಡಿದ್ದವರು ಮಾತ್ರ ಮರಳಲಿಲ್ಲ. ಆದಾಯ ಏರಿದರೂ ಜನರಿಕ್ ಬಿಡದವರು ಪರೀಕ್ಷೆಯ ವರದಿ ಇಟ್ಟುಕೊಂಡವರೇ.

ಆದಾಯದ ರೂಪ ಬದಲಾದರೆ ಏನಾಗುತ್ತದೆ ಎಂಬುದಕ್ಕೆ 2023 ನನಗೆ ದೊಡ್ಡ ಪಾಠ. ಜೂನ್‌ನಲ್ಲಿ ಮಹಿಳೆಯರಿಗೆ ಸರ್ಕಾರಿ ಬಸ್ ಉಚಿತವಾಯಿತು, ಆಗಸ್ಟ್‌ನಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿ ಶುರುವಾಯಿತು. ಹಣ ಜಮೆಯಾದ ವಾರ ಹೆಂಗಸರು ಬಂದು ಇಡೀ ತಿಂಗಳ ಮಾತ್ರೆ ಕೇಳತೊಡಗಿದರು. ಅವರ ಕೂಲಿ ಏರಿರಲಿಲ್ಲ. ತಿಂಗಳಿಗೊಮ್ಮೆ ಬರುವ, ತಮ್ಮದೇ ಖಾತೆಯ ಹಣ ಅದು. ತಿಂಗಳ ಮೊತ್ತ ಒಟ್ಟಿಗೆ ಕಣ್ಣಿಗೆ ಬಿದ್ದಾಗ, ಅದೇ ಹೆಂಗಸರು ನಿವೃತ್ತ ಶಿಕ್ಷಕರು ಕೇಳುವ ಪ್ರಶ್ನೆಯನ್ನೇ ಕೇಳಿದರು: ಕಡಿಮೆಯದು ಯಾವುದು? ಖಾಸಗಿ ಬಸ್ ಮಾತ್ರ ಓಡುವ ದಾರಿಗಳಿಂದ ಅಷ್ಟು ಜನ ಬರಲಿಲ್ಲ.

ಎಲ್ಲ ಔಷಧಿಯನ್ನೂ ಬದಲಿಸಿ ಎಂದು ನಾನು ಹೇಳುವುದಿಲ್ಲ. ಥೈರಾಯ್ಡ್, ಮೂರ್ಛೆರೋಗ, ರಕ್ತ ತೆಳುವಾಗಿಸುವ ವಾರ್‌ಫರಿನ್, ಇವುಗಳಲ್ಲಿ ಪ್ರಮಾಣದ ಸಣ್ಣ ಏರುಪೇರೂ ತೊಂದರೆ ಕೊಡಬಹುದು. ಯಾವ ತಯಾರಿಕೆಯಲ್ಲಿ ಶುರುವಾಗಿದೆಯೋ ಅದರಲ್ಲೇ ಮುಂದುವರಿಯಲು ಹೇಳುತ್ತೇನೆ, ಬದಲಿಸಲೇಬೇಕಿದ್ದರೆ ವೈದ್ಯರ ಮಾತು ಮತ್ತು ಪರೀಕ್ಷೆ ಎರಡೂ ಇರಬೇಕು. ಹೊಸ ಕಂಪನಿಯ ಜನರಿಕ್ ತರಿಸುವಾಗ ಪರೀಕ್ಷಾ ವರದಿ ಕೊಡದ ಸಗಟು ವ್ಯಾಪಾರಿಯಿಂದ ನಾನು ಕೊಳ್ಳುವುದಿಲ್ಲ.

ಇದೇ ದಾರಿ ಹಿಡಿಯಬೇಕೆಂದಿರುವ ಅಂಗಡಿಯವರು ನನ್ನನ್ನು ಕೇಳುವುದು ಒಂದೇ: ನಿಮಗೆ ಉಳಿಯುತ್ತದೆಯೇ? ಬ್ರ್ಯಾಂಡ್ ಮಾತ್ರೆಯಲ್ಲಿ ನಮ್ಮ ಲಾಭ ಬೆಲೆಯ ಮೇಲಿನ ಶೇಕಡಾವಾರು. ಬೆಲೆ ನಿಯಂತ್ರಣದ ಪಟ್ಟಿಯಲ್ಲಿರುವ ಔಷಧಿಗೆ ಗರಿಷ್ಠ ದರ ಗೊತ್ತುಮಾಡುವಾಗಲೇ ಚಿಲ್ಲರೆ ವ್ಯಾಪಾರಿಗೆಂದು ಶೇ. 16 ಸೇರಿಸಿರುತ್ತಾರೆ. ಅಲ್ಲಿ ದುಬಾರಿ ಮಾತ್ರೆ ಮಾರಿದಷ್ಟೂ ಹೆಚ್ಚು ಉಳಿಯುತ್ತದೆ. ನನಗೆ ಸ್ಟ್ರಿಪ್ ಒಂದರ ಮೇಲೆ ಉಳಿಯುವುದು ಮೊದಲಿಗಿಂತ ಕಡಿಮೆ, ಇದು ನಿಜ. ಆದರೆ ತಿಂಗಳಲ್ಲಿ ಹತ್ತು ದಿನ ಬಿಪಿ ಮಾತ್ರೆ ನುಂಗಿ ಉಳಿದ ದಿನ ಬಿಡುತ್ತಿದ್ದವರು ಈಗ ಮೂವತ್ತು ದಿನವೂ ಕೊಳ್ಳುತ್ತಾರೆ. ಬಾಡಿಗೆ, ಕೆಲಸದವರ ಸಂಬಳ, ಫ್ರಿಜ್‌ಗೆ ಮಳೆಗಾಲದಲ್ಲಿ ಬೇಕಾಗುವ ಇನ್ವರ್ಟರ್, ಎಲ್ಲವೂ ಅದರಲ್ಲೇ ನಡೆಯುತ್ತಿದೆ. ಶುರುಮಾಡುವವರು ಎಲ್ಲವನ್ನೂ ಒಮ್ಮೆಲೇ ತರಿಸಬೇಕಿಲ್ಲ. ಬಿಪಿ ಮತ್ತು ಶುಗರಿನ ನಾಲ್ಕೈದು ಮಾತ್ರೆಗಳಿಂದ ಆರಂಭಿಸಿ, ಕೊಂಡ ದರದ ಮೇಲೆ ನಿಮ್ಮ ಲಾಭ ಗೊತ್ತುಮಾಡಿ, ಹತ್ತಿರದ ಒಬ್ಬ ವೈದ್ಯರನ್ನಾದರೂ ಜೊತೆಗೆ ಕರೆದುಕೊಳ್ಳಿ, ನಿಮ್ಮ ಊರಿನ ಬಟವಾಡೆಯ ದಿನ ಯಾವುದೆಂದು ವಿಚಾರಿಸಿ ದಾಸ್ತಾನು ಅದಕ್ಕೆ ಹೊಂದಿಸಿಕೊಳ್ಳಿ.